ಶಟರ್ ಬಿಚ್ಚಲು ಎರಡನೆಯ ಆಳು ನಾನೇ

ಮನೆಯ ಶಟರ್ ಬಿಚ್ಚಿಸಬೇಕು ಎಂದು ಯಾರಾದರೂ ನನ್ನ ಮುಂದೆ ಅಂದರೆ ನಾನು ಮೊದಲು ದರ ಕೇಳುವುದಿಲ್ಲ, ಎಷ್ಟು ಜನ ಬರುತ್ತಾರೆ ಎಂದು ಕೇಳುತ್ತೇನೆ. ಇಬ್ಬರು ಅಂದರೆ ಸುಮ್ಮನಾಗುತ್ತೇನೆ. ಒಬ್ಬರೇ ಅಂದರೆ ಕೂಡಿಸಿ, ಚಹಾ ಕೊಟ್ಟು, ಇದೆಲ್ಲ ಹೇಳುತ್ತೇನೆ. ಯಾವುದಕ್ಕೆ ಎಷ್ಟು ಕೊಡಬೇಕು ಎಂದು ಕೇಳಲು ನಮ್ಮ ಓಣಿಯ ಹೆಂಗಸರೆಲ್ಲ ನನ್ನ ಹತ್ತಿರ ಬರುತ್ತಾರೆ. ಈ ಒಂದು ಕೆಲಸದಲ್ಲಿ ಮಾತ್ರ ನನ್ನ ಚೌಕಾಸಿ ಕೆಟ್ಟಿತು. ಅದಕ್ಕೆ ಬೆಲೆ ತೆತ್ತದ್ದು ಇನ್ನೊಬ್ಬರ ಕೈ.

ನಾನು ಮಾತಿನಿಂದಲೇ ಮೇಲೆ ಬಂದವಳು. ಮದುವೆಯಾದ ಹೊಸತರಲ್ಲಿ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಪರಿಚಯದ ಒಬ್ಬ ಸಗಟು ವ್ಯಾಪಾರಿಯಿಂದ ಹತ್ತು ಖಣ, ನಾಲ್ಕು ಸೀರೆ ತಂದು, ಗಂಟು ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಧಾರವಾಡಕ್ಕೆ ಬಂದು ಮನೆ ಮನೆ ತಿರುಗಿದೆ. ಮಾಸ್ತರರ ಹೆಂಡಂದಿರು, ಕಚೇರಿಗೆ ಹೋಗುವ ಹೆಂಗಸರು, ಸಂಗೀತ ಕಲಿಸುವ ಮನೆಯವರು, ಎಲ್ಲರ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಸೀರೆ ಬಿಚ್ಚಿದ್ದೇನೆ. ಹಾಗೆ ಬಿಚ್ಚಿ ಮಡಚಿ, ಬಿಚ್ಚಿ ಮಡಚಿ, ಕೆಲಗೇರಿಯಲ್ಲಿ ಮನೆ ಕಟ್ಟಿದೆವು. ನಮ್ಮವರು ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು. ಮನೆ ಕಟ್ಟಿದ ಗುತ್ತಿಗೆದಾರ ಕೆಳಗೆ ಒಂದು ಗ್ಯಾರೇಜು ಮಾಡಿ ಎಂಟು ಅಡಿ ಅಗಲದ ಶಟರ್ ಕೂಡಿಸಿಕೊಟ್ಟ. ಮುಂದೆ ಕಾರು ಬಂದರೆ ಬೇಕಾಗುತ್ತದೆ ಎಂದ. ಕಾರು ಬರಲಿಲ್ಲ. ನನ್ನ ಸೀರೆಗಳು ಬಂದವು. ಗ್ಯಾರೇಜು ನನ್ನ ಅಂಗಡಿಯಾಯಿತು.

ಆ ಶಟರ್‌ಗೆ ವಯಸ್ಸಾದಂತೆ ಹಟ ಬಂತು. ಕೆಳಗಿನ ಪಟ್ಟಿಗಳಿಗೆ ತುಕ್ಕು ಹತ್ತಿ, ಎತ್ತಿದರೆ ಸೊಂಟದ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ದಿನಾ ಬಗ್ಗಿ ನುಸುಳುವುದು. ಒಂದು ಮಳೆಗಾಲದ ಮಧ್ಯಾಹ್ನ ಎರಚಲು ತಪ್ಪಿಸಲೆಂದು ಒಳಗಿನಿಂದ ಎಳೆದುಕೊಂಡೆ. ಮತ್ತೆ ಮೇಲೇಳಲೇ ಇಲ್ಲ. ಆ ಕೋಣೆಗೆ ಕಿಟಕಿಯಿಲ್ಲ. ಕರೆಂಟೂ ಹೋಗಿತ್ತು. ನಮ್ಮವರು ಪಾಳಿ ಮುಗಿಸಿ ಬರುವ ತನಕ ಎರಡು ತಾಸು ನಾನು ಆ ಕತ್ತಲಲ್ಲಿ, ಹೊಸ ಸೀರೆಯ ಗಂಜಿ ವಾಸನೆಯಲ್ಲಿ, ಕೂತೆ. ಕೈಯಿಂದ ಬಡಿದೆ, ಕಾಲಿಂದ ಒದ್ದೆ. ಮಳೆಯ ಸಪ್ಪಳದಲ್ಲಿ ಯಾರಿಗೂ ಕೇಳಲಿಲ್ಲ. ಅಂದೇ ತೀರ್ಮಾನ ಮಾಡಿದೆ: ಈ ಶಟರ್ ಹೋಗಬೇಕು, ಕಟ್ಟಿಗೆಯ ಬಾಗಿಲು ಬರಬೇಕು, ಪಕ್ಕದಲ್ಲಿ ದೊಡ್ಡದೊಂದು ಕಿಟಕಿ ಬರಬೇಕು.

ನಮ್ಮವರ ಕಾರ್ಖಾನೆಯ ಮಗ್ಗುಲಲ್ಲಿ ಶೆಡ್ಡು ಹಾಕಿದವರೊಬ್ಬರು ಹಳೆಯ ಶಟರ್ ಹುಡುಕುತ್ತಿದ್ದರು. ತುಕ್ಕು ಹಿಡಿದ ನಾಲ್ಕು ಪಟ್ಟಿ ಬದಲಿಸಿಕೊಳ್ಳುತ್ತೇವೆ, ಆದರೆ ಮೇಲಿನ ಪೈಪು, ಸ್ಪ್ರಿಂಗು ಸಮೇತ ಇಡಿಯಾಗಿ ಬೇಕು ಅಂದರು. ನಾನು ಒಪ್ಪಿದೆ. ಆಮೇಲೆ ಶಟರ್ ಮಿಸ್ತ್ರಿಯನ್ನು ಕರೆಸಿದೆ. ನಲವತ್ತರ ಆಸುಪಾಸಿನ ಮನುಷ್ಯ, ತೆಳ್ಳಗೆ, ಮಾತು ಮೆತ್ತಗೆ. ಶಟರ್ ಕೆಳಗೆ ನಿಂತು ಮೇಲೆ ನೋಡಿ ಅಂದ:

"ಅಕ್ಕಾರ, ಇದಕ್ಕ ಇಬ್ಬರು ಬೇಕಾಗ್ತೈತ್ರಿ. ನಾ ಒಬ್ಬ, ನನ್ನ ಜೋಡಿ ಇನ್ನೊಬ್ಬ."

"ಇಬ್ಬರು ಯಾಕ್ರಿ ಮಿಸ್ತ್ರಿ? ಎಂಟು ಫೂಟಿನ ಶಟರ್ ಐತಿ, ಕಿಲ್ಲೇದ ಬಾಗಲಲ್ಲ."

"ಒಬ್ಬರು ಆ ತುದಿಗೆ ಪಾನಾ ಹಾಕಿ ಪೈಪ್ ಹಿಡೀಬೇಕ್ರಿ. ಇನ್ನೊಬ್ಬರು ಈ ತುದಿಗೆ ನಟ್ಟು ಸಡಲ ಮಾಡಬೇಕು."

"ಬರೇ ಹಿಡಿಯಾಕ ಒಬ್ಬ ಮನಿಷ್ಯಾ? ಹಿಡಿಯಾಕ ನಾ ಅದೀನಲ್ಲಾ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸುಮ್ಮ ಹಿಡಿಯೂದಲ್ರಿ. ಪೈಪಿನ ಸುತ್ತ ಸ್ಪ್ರಿಂಗ್ ಸುತಗೊಂಡು ಕುಂತಿರ್ತೈತಿ. ಬಿಟ್ರ ತಿರಗಿ ಹೊಡಿತೈತಿ."

"ಮೂವತ್ತು ವರ್ಷ ಸೀರಿ ಗಂಟು ಹೊತ್ತ ಕೈ ಅದಾವ ಇವು."

"ಸೀರಿ ಗಂಟು ತಿರಗಿ ಹೊಡಿಯೂದಿಲ್ಲಲ್ರಿ, ಅಕ್ಕಾರ."

ನಾನು ನಕ್ಕೆ. ಅವನೂ ನಕ್ಕ. ನಕ್ಕವನು ಅರ್ಧ ಒಪ್ಪಿದ ಹಾಗೆ, ಇದು ವ್ಯಾಪಾರದಲ್ಲಿ ನಾನು ಕಂಡುಕೊಂಡದ್ದು. ಇನ್ನರ್ಧಕ್ಕೆ ನಾನು ಗೊತ್ತಿದ್ದ ಉಪಾಯವನ್ನೆಲ್ಲ ಹೂಡಿದೆ: ಓಣಿಯಲ್ಲಿ ಇನ್ನೂ ಮೂರು ಮನೆಯ ಶಟರ್ ಕೆಲಸ ಕೊಡಿಸುತ್ತೇನೆ ಅಂದೆ, ಅವನ ಹೆಂಡತಿಗೆಂದು ಒಂದು ಖಣ ತೆಗೆದು ತೋರಿಸಿದೆ, ಬೇರೆ ಮಿಸ್ತ್ರಿಯ ಹೆಸರು ತೆಗೆದೆ. ಎರಡನೆಯ ಆಳು ಲೆಕ್ಕದಿಂದ ಹಾರಿ ಹೋದ. ಅವನು ಹೊರಟ ಮೇಲೆ ನನಗೆ ಬಹಳ ಸಮಾಧಾನವಾಯಿತು. ಅಷ್ಟು ಸಮಾಧಾನವಾದಾಗ ಎಚ್ಚರವಾಗಬೇಕು ಎಂದು ಈಗ ಹೇಳುತ್ತೇನೆ.

ಅವನು ಬಂದದ್ದು ಬೇಸಿಗೆಯ ಒಂದು ದಿನ, ನಮ್ಮವರು ಪಾಳಿಗೆ ಹೋಗಿ ಬಿಸಿಲು ಏರಿದ ಮೇಲೆ. ಕೆಲಸ ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ. ಮೊದಲು ಎಣ್ಣೆ ಬಿಟ್ಟು, ತಟ್ಟಿ, ಶಟರನ್ನು ಪೂರ್ತಿ ಮೇಲಕ್ಕೆ ಸುತ್ತಿಸಿದ. ಕೆಳಗಿಳಿದಿದ್ದಾಗ ಸ್ಪ್ರಿಂಗು ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಮೇಲೆ ಹೋದಂತೆ ಸಡಿಲಾಗುತ್ತದೆ. ಹಾಗಾಗಿ ಬಿಚ್ಚುವಾಗ ಶಟರ್ ಮೇಲಿರಬೇಕು. ಮೇಲಿದ್ದರೂ ಪೂರ್ತಿ ಸಡಿಲಲ್ಲ, ನಾಲ್ಕೈದು ಸುತ್ತಿನ ಬಲ ಉಳಿದೇ ಇರುತ್ತದೆ. ಜನ ಮೋಸ ಹೋಗುವುದು ಅಲ್ಲಿಯೇ. ಸುತ್ತಿದ ಶಟರನ್ನು ಹಗ್ಗದಿಂದ ಮೂರು ಕಡೆ ಬಿಗಿದು ಕಟ್ಟಿದ. ಎರಡೂ ಬದಿಗೆ ಕಟ್ಟಿಗೆಯ ಆಸರೆ ಕೊಟ್ಟ. ಪೈಪಿನ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದ. ಎಷ್ಟು ಸುತ್ತು ಬಿಟ್ಟೆವು ಎಂದು ಎಣಿಸಲು ಅದು. ನನ್ನನ್ನು ಬಲಗಡೆ, ಸೀರೆ ತೋರಿಸುವ ಮೇಜಿನ ಮೇಲೆ ನಿಲ್ಲಿಸಿದ. ಎರಡು ಅಡಿ ಉದ್ದದ ಪೈಪ್ ಪಾನಾ, ಅಂದರೆ ರೆಂಚು, ಪೈಪಿಗೆ ಕಚ್ಚಿಸಿ, ಅದರ ಹಿಡಿಕೆಯನ್ನು ನನ್ನ ಎದೆಯ ಮಟ್ಟಕ್ಕೆ ತಂದು ಕೈಗಿತ್ತ.

"ಇದು ಮ್ಯಾಲ ಏಳಾಕ ನೋಡ್ತೈತ್ರಿ. ನೀವು ಕೆಳಗ ಒತ್ತಿ ಹಿಡೀಬೇಕು. ನಾ 'ಬಿಡ್ರಿ' ಅಂದಾಗ ಒಂಚೂರು ಏಳಾಕ ಬಿಡ್ರಿ, 'ಸಾಕು' ಅಂದ ಕೂಡ್ಲೆ ನಿಲ್ಸ್ರಿ. ಒಂದ ಕೈಲೆ ಹಿಡೀಬ್ಯಾಡ್ರಿ. ಮಾರಿ ಈ ಕಡಿ ಮಾಡ್ರಿ, ಹಿಡಿಕಿ ಎದುರು ತರಬ್ಯಾಡ್ರಿ."

ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈಯಿಂದ ಒತ್ತಿ ಹಿಡಿದೆ. ಅವನು ಎಡತುದಿಗೆ ಏಣಿ ಹಾಕಿಕೊಂಡು ಹತ್ತಿದ. ಪೈಪು ಎಣ್ಣೆಯಾಗಿ ಕೈ ಜಾರುತ್ತಿತ್ತು. "ಒಂದು ಚಿಂದಿ ಇದ್ರ ಕೊಡ್ರಿ" ಅಂದಿದ್ದ, ಏಣಿ ಹತ್ತುವ ಮೊದಲೇ. ಬಟ್ಟೆ ಮಾರುವವಳಿಗೆ ಬಟ್ಟೆ ಹರಿಯಲು ಕೈ ಬರುವುದಿಲ್ಲ. ಹಳೆಯ ನೂಲಿನ ಸೀರೆಯ ಮಾರುದ್ದದ ತುಂಡೊಂದನ್ನು ಹಾಗೆಯೇ ಕೊಟ್ಟಿದ್ದೆ. ಅವನು ಅದನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡು ಪೈಪಿನ ತುದಿ ಹಿಡಿದ. ತಿರುಗುವ ಯಾವುದರ ಹತ್ತಿರವೂ ಬಟ್ಟೆ ಸುತ್ತಿದ ಕೈ ಹೋಗಬಾರದು. ಅವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನ ಜೋಡಿಯವನು ಇದ್ದಿದ್ದರೆ ಬಟ್ಟೆಯ ಅಗತ್ಯವೇ ಬೀಳುತ್ತಿರಲಿಲ್ಲ, ಆ ತುದಿಗೂ ಒಂದು ಪಾನಾ ಹಾಕುತ್ತಿದ್ದರು.

ನನ್ನ ತುದಿಯ ನಟ್ಟನ್ನು ಮೊದಲೇ ಸಡಿಲಿಸಿದ್ದ, ಈಗ ಎಡಗೈಯಲ್ಲಿ ಪಾನಾ ಹಿಡಿದು ಆ ತುದಿಯದನ್ನೂ ಸಡಿಲಿಸಿದ. ಹಿಡಿಕೆ ನನ್ನ ಅಂಗೈಯಲ್ಲಿ ಜೀವ ಬಂದಂತೆ ಮೇಲಕ್ಕೆ ಒತ್ತಿತು. "ಬಿಡ್ರಿ," "ಸಾಕು," "ಬಿಡ್ರಿ," "ಸಾಕು." ಹಿಡಿಕೆ ಮೇಲೆ ಬಂದಾಗ ನಟ್ಟು ಬಿಗಿದು, ಪಾನಾ ಬಿಡಿಸಿ, ಮತ್ತೆ ಕೆಳಗಿನಿಂದ ಕಚ್ಚಿಸಿ, ಹೀಗೆ ಒಂದು ಸುತ್ತು ಬಿಟ್ಟೆವು. ಸುಣ್ಣದ ಗೆರೆ ತಿರುಗಿ ಮುಂದೆ ಬಂತು. ಇಷ್ಟೇ ಏನು ಎಂದುಕೊಂಡೆ. ಎರಡನೆಯ ಸುತ್ತಿಗೆ ನಟ್ಟು ಸಡಿಲಿಸಿದಾಗ ರಸ್ತೆಯಲ್ಲಿ ನಮ್ಮ ಭಾವನವರು ಕಾಣಿಸಿದರು.

ನಮ್ಮವರ ಅಣ್ಣ. ಎದುರು ಸಾಲಿನಲ್ಲಿ ಮನೆ. ಶಾಲೆಯ ಮಾಸ್ತರರಾಗಿ ನಿವೃತ್ತರಾದವರು, ಎಪ್ಪತ್ತು ದಾಟಿದೆ. ನಾನು ಮಾರುಕಟ್ಟೆಯಲ್ಲಿ ಯಾರ ಜೊತೆ ಬೇಕಾದರೂ ಮಾತನಾಡುವವಳು. ಆದರೆ ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಭಾವನವರ ಜೊತೆ ಎದುರಾ ಎದುರು ಒಂದು ಮಾತೂ ಆಡಿರಲಿಲ್ಲ. ನಮ್ಮ ಮನೆತನದಲ್ಲಿ ಹಾಗೆ. ಅವರು ಬಂದರೆ ತಲೆಯ ಮೇಲೆ ಸೆರಗು ಬರಬೇಕು. ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಬಂದರೆ ಅವರು ಹೊರಗೆ ನಿಂತು, "ಮನ್ಯಾಗ ಯಾರಾರ ಅದಾರೇನು" ಎಂದು ಗಾಳಿಗೆ ಕೇಳುತ್ತಾರೆ. ನಾನು ಒಳಗಿನಿಂದ ಬಳೆ ಸಪ್ಪಳ ಮಾಡುತ್ತೇನೆ. ಇದ್ದೇನೆ, ಚಹಾ ಇಡಲೇ ಎಂದು ಅದರ ಅರ್ಥ. ಬೇಕಿದ್ದರೆ ಕಟ್ಟೆಯ ಮೇಲೆ ಕೂರುತ್ತಾರೆ, ಬೇಡವಾದರೆ "ಚಾ ಬ್ಯಾಡ" ಎಂದು ಹೋಗುತ್ತಾರೆ. ಇದರಲ್ಲಿ ನನಗೆ ಯಾವತ್ತೂ ಅಡಚಣೆ ಅನಿಸಿರಲಿಲ್ಲ. ಉಸಿರಾಡುವುದಕ್ಕೆ ಅಡಚಣೆ ಅನಿಸುತ್ತದೆಯೇ?

ಅವರು ಛತ್ರಿ ಹಿಡಿದು ನಡೆದು ಬರುತ್ತಿದ್ದರು. ನಾನು ಶಟರ್ ಮೇಲೇರಿದ ಬಾಗಿಲಲ್ಲಿ, ಮೇಜಿನ ಮೇಲೆ, ಸೆರಗು ಸೊಂಟದಲ್ಲಿ. ಅವರು ತಲೆ ಎತ್ತಿದರು. ನನ್ನ ಬಲಗೈ ಹಿಡಿಕೆ ಬಿಟ್ಟು ಸೆರಗಿಗೆ ಹೋಯಿತು.

ನಾನು ಕಳಿಸಲಿಲ್ಲ. ಅದೇ ಹೋಯಿತು. ಒಂಟಿ ಎಡಗೈಯನ್ನು ತಳ್ಳಿಕೊಂಡು ಹಿಡಿಕೆ ಮೇಲಕ್ಕೆ ಚಿಮ್ಮಿತು, ಕಿವಿಯ ಪಕ್ಕದಲ್ಲಿ ಗಾಳಿ ಸೀಳಿತು. ಮುಖವನ್ನು ಆ ಕಡೆ ಮಾಡಿದ್ದರಿಂದ ಹಲ್ಲು ಉಳಿದವು. ನಾನು ಹಾರಿ ಎರಡೂ ಕೈಯಿಂದ ಹಿಡಿದುಕೊಂಡೆ. ತಲೆಯ ಮೇಲೆ, ಕೈ ನೀಳ ಮಾಡಿದಷ್ಟು ಎತ್ತರದಲ್ಲಿ ಅದು ನಿಂತಿತು. ಆ ತುದಿಯಲ್ಲಿ ಅವನ ಪಾನಾ ನೆಲಕ್ಕೆ ಬಿದ್ದ ಸಪ್ಪಳವಾಯಿತು. ಆಮೇಲೆ ಅವನ ಉಸಿರು, ಬಿಸಿ ತವೆಗೆ ನೀರು ಬಿದ್ದಂತೆ.

"ಬಿಡಬ್ಯಾಡ್ರಿ," ಅಂದ. ಬಹಳ ಸಣ್ಣ ದನಿಯಲ್ಲಿ. "ಅಕ್ಕಾರ, ಈಗ ಬಿಡಬ್ಯಾಡ್ರಿ."

ಕಾಲು ಸುತ್ತು ತಿರುಗಿದ ಪೈಪು ಬಟ್ಟೆಯನ್ನು ಎಳೆದುಕೊಂಡಿತ್ತು. ಬಟ್ಟೆಯ ಜೊತೆ ಅವನ ಬಲಗೈಯ ತೋರುಬೆರಳು, ನಡುಬೆರಳು ಪೈಪಿಗೂ ಗೋಡೆಯ ಕಬ್ಬಿಣದ ಕೊಂಡಿಗೂ ನಡುವೆ ಸಿಕ್ಕಿದ್ದವು. ನಾನು ಇನ್ನಷ್ಟು ಬಿಟ್ಟರೆ ಪೈಪು ಇನ್ನಷ್ಟು ಎಳೆಯುತ್ತದೆ, ಬೆರಳು ಹೋಗುತ್ತವೆ. ಹಿಡಿದುಕೊಂಡರೆ ಅಲ್ಲಿಯೇ ನಜ್ಜುತ್ತಿರುತ್ತವೆ. ಬಿಡಿಸಬೇಕಾದರೆ ನಾನು ಹಿಡಿಕೆಯನ್ನು ಮತ್ತೆ ಕೆಳಗೆ, ಎದೆಯ ಮಟ್ಟಕ್ಕೆ ಎಳೆಯಬೇಕು. ಎಳೆದೆ. ಹಿಡಿಕೆ ಅಲುಗಲಿಲ್ಲ.

ರಸ್ತೆ ನೋಡಿದೆ. ಭಾವನವರು ಇರಲಿಲ್ಲ. ತಮ್ಮನ ಹೆಂಡತಿ ಸೊಂಟ ಕಟ್ಟಿ ಮೇಜು ಹತ್ತಿ ನಿಂತದ್ದನ್ನು ಕಂಡು, ನೋಡಬಾರದೆಂದು ಮುಖ ತಿರುಗಿಸಿ, ದಾಟಿ ಹೋಗಿದ್ದರು. ಮರ್ಯಾದಸ್ಥರು.

"ತಮ್ಮಾ, ಬಾಳ ನೋಯಾಕತ್ತೈತೇನು?" ಕೇಳಿದೆ. ಮಿಸ್ತ್ರಿ ಅನ್ನುವುದು, ರಿ ಹಚ್ಚುವುದು ಅಲ್ಲಿಗೆ ಮುಗಿದಿತ್ತು.

"ನೋಯೂದು ಚಲೋರಿ. ನೋವು ನಿಂತ್ರ ಕೆಟ್ಟದ್ದು."

"ಬಟ್ಟಿ ಕತ್ತರಿಸಿದ್ರ?"

"ಈಗ ಹಿಡದಿದ್ದು ಬಟ್ಟಿ ಅಲ್ರಿ, ಕಬ್ಬಣ." ಆಮೇಲೆ ಅಂದ, "ನಮ್ಮ ಜೋಡಿ ಮನಿಷ್ಯಾ ಇದ್ದಿದ್ರ..."

"ಅದನ್ನ ಹೇಳೂ ಹೊತ್ತಲ್ಲ ಇದು."

"ಹೊತ್ತು ಬೇಕಾದಷ್ಟೈತ್ರಿ. ನೀವೂ ಎಲ್ಲೂ ಹೋಗೂದಿಲ್ಲ, ನಾನೂ ಎಲ್ಲೂ ಹೋಗೂದಿಲ್ಲ."

ನಗು ಬರಲಿಲ್ಲ. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲು ಕೈಯಿಲ್ಲ. ಫೋನು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಇಂಥ ಕೆಲಸಕ್ಕೆ ನಿಲ್ಲುವಾಗ ಅದು ಮೈಮೇಲಿರಬೇಕು. ಅವನ ಫೋನು ಬಲಗಡೆಯ ಜೇಬಿನಲ್ಲಿ, ಎಡಗೈ ಏಣಿ ಹಿಡಿದಿತ್ತು, ಬಿಟ್ಟರೆ ಮೈಭಾರವೆಲ್ಲ ಸಿಕ್ಕಿದ ಬೆರಳಿಗೆ. ನಾನು ಮಗ್ಗುಲ ಮನೆಯವರನ್ನು ಕೂಗಿದೆ. ಅವರು ಊಟ ಮಾಡಿ ಬಾಗಿಲು ಹಾಕಿ ಕೂಲರ್ ಹಚ್ಚಿ ಮಲಗುವ ಹೊತ್ತು. ಕೂಲರಿನ ಗರಗರ ನನಗೆ ಕೇಳುತ್ತಿತ್ತು, ನನ್ನ ದನಿ ಅವರಿಗೆ ಕೇಳಲಿಲ್ಲ. ಕೆರೆಯ ಕಡೆ ಹೋಗುವ ರಸ್ತೆ ಬಿಳಿಯಾಗಿ ಬಿದ್ದಿತ್ತು. ಒಂದು ಆಟೋ ಹೋಯಿತು, ಹಾಡು ಜೋರಾಗಿ ಹಾಕಿಕೊಂಡಿದ್ದ. ಎದುರಿಗೇ ಬಯಲು, ಬಾಗಿಲೆಂಬುದೇ ಇಲ್ಲ, ರಸ್ತೆ ನಾಲ್ಕು ಹೆಜ್ಜೆ. ಆದರೂ ಮಳೆಗಾಲದ ಆ ದಿನಕ್ಕಿಂತ ಹೆಚ್ಚು ಸಿಕ್ಕಿಬಿದ್ದಿದ್ದೆ. ಆವತ್ತು ಕುಳಿತಾದರೂ ಇದ್ದೆ.

ತೋಳಿನಲ್ಲಿ ಮೊದಲು ಉರಿ, ಆಮೇಲೆ ಜುಮು ಜುಮು, ಆಮೇಲೆ ತೋಳು ನನ್ನದಲ್ಲ ಅನಿಸುವುದು. ಎಷ್ಟು ಹೊತ್ತಾಯಿತೋ ಹೇಳಲಾರೆ. ನಡುವೆ ಅವನು ಕೇಳಿದ, "ಅಕ್ಕಾರ, ಕೈ ಸೋತ್ವೇನ್ರಿ?"

"ಇಲ್ಲ," ಅಂದೆ.

"ಖರೇ ಹೇಳ್ರಿ."

"ಸೋತಾವ. ಬಿಡೂದಿಲ್ಲ."

"ಬಲಗೈರಿ ಇದು," ಅಂದ. ಅಷ್ಟೇ ಅಂದ. ಅವನಿಗೆ ಬೇರೆ ಹೊಲವಿಲ್ಲ, ನೌಕರಿಯಿಲ್ಲ. ನಟ್ಟು ಹಿಡಿಯುವ ಎರಡು ಬೆರಳೇ ಅವನ ಮನೆ.

ಆಗ ಭಾವನವರು ತಿರುಗಿ ಬರುತ್ತಿರುವುದು ಕಂಡಿತು. ಎಲೆ ಅಡಿಕೆ ತರಲು ಹೋದವರು, ಅದೇ ರಸ್ತೆಯಲ್ಲಿ ವಾಪಸು. ಈ ಸಲ ಛತ್ರಿಯನ್ನು ನಮ್ಮ ಮನೆಯ ಕಡೆಗೆ ವಾಲಿಸಿ ಹಿಡಿದಿದ್ದರು, ಕಾಣದಂತೆ. ನಾನು ಮಾಡಿದ್ದೇನು? ಕೈ ಅಲ್ಲಾಡಿಸಿ ಬಳೆ ಸಪ್ಪಳ ಮಾಡಿದೆ. ಇನ್ನೊಬ್ಬನ ಬೆರಳು ನಜ್ಜುತ್ತಿರುವಾಗ ನಾನು ಬಳೆ ಸಪ್ಪಳ ಮಾಡಿದೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಛತ್ರಿ ನಿಂತಿತು. ಛತ್ರಿಯ ಹಿಂದಿನಿಂದ ಅವರ ದನಿ ಬಂತು. "ಚಾ ಬ್ಯಾಡ. ಈಗ ಊಟ ಆತು."

ಛತ್ರಿ ಮುಂದೆ ಹೊರಟಿತು.

"ಯಾರ್ರಿ ಅವರು?" ಮಿಸ್ತ್ರಿ ಏಣಿಯ ಮೇಲಿಂದ ಕೇಳಿದ.

"ನಮ್ಮ ಭಾವಾರು."

"ಮತ್ತ ಕರೀರಲ್ಲ."

"ನಾ ಅವರ ಜೋಡಿ ಮಾತಾಡೂದಿಲ್ಲ."

"ಜಗಳೇನ್ರಿ?"

"ಜಗಳಲ್ಲ. ಮಾತಾಡೂದಿಲ್ಲ."

ಅವನು ಏಣಿಯ ಮೇಲಿಂದ ತಲೆ ತಿರುಗಿಸಿದ. ನನ್ನ ಕಡೆ ನೋಡಿದ, ಅಷ್ಟೇ. ಇಂಥ ನೋಟವನ್ನು ನಾನು ಸಾಕಷ್ಟು ಕೊಟ್ಟಿದ್ದೇನೆ, ಕಡಿಮೆ ಬೆಲೆಗೆ ಕೇಳಿದ ಗಿರಾಕಿಗೆ. ಪಡೆದದ್ದು ಅದೇ ಮೊದಲು.

"ಭಾವಾರ," ಅಂದೆ. ದನಿ ಏಳಲಿಲ್ಲ. ಮತ್ತೆ ಅಂದೆ, ಬಸ್ ನಿಲ್ದಾಣದಲ್ಲಿ ಕಂಡಕ್ಟರನನ್ನು ಕರೆಯುವಂತೆ. "ಭಾವಾರ, ನಿಂದರ್ರಿ. ಇಲ್ಲಿ ಬರ್ರಿ. ಈ ಮನಿಷ್ಯಾನ ಕೈ ಸಿಕ್ಕೈತಿ."

ಛತ್ರಿ ಕೆಳಗಿಳಿಯಿತು. ಅವರು ಅದನ್ನು ಮಡಚಿದರು. ಆಮೇಲೆ ಎಲೆ ಅಡಿಕೆಯ ಪೊಟ್ಟಣ ಕಾಂಪೌಂಡಿನ ಮೇಲಿಟ್ಟು ಬೇಗ ಬೇಗ ಒಳಗೆ ಬಂದರು. ಬಂದವರು ನೆಲ ನೋಡುತ್ತ ನಿಂತರು.

"ನೆಲಾ ನೋಡಬ್ಯಾಡ್ರಿ, ಮ್ಯಾಲ ನೋಡ್ರಿ," ಅಂದೆ.

ನೋಡಿದರು. ಮಿಸ್ತ್ರಿಯ ಕೈ ನೋಡಿದರು. ಅವರ ಮುಖ ಬೂದಿಯಾಯಿತು. "ಏನ ಮಾಡಬೇಕು?" ಎಂದು ಕೇಳಿದ್ದು ಅವನನ್ನೋ ನನ್ನನ್ನೋ ತಿಳಿಯಲಿಲ್ಲ.

ಅವರ ಬಲ ಭುಜಕ್ಕೆ ಹಿಂದಿನ ವರ್ಷ ಪೆಟ್ಟಾಗಿತ್ತು, ಕೈ ತಲೆಯ ಮೇಲೆ ಏಳುವುದಿಲ್ಲ. ನನ್ನ ಜಾಗಕ್ಕೆ ಅವರು ಬರುವಂತಿರಲಿಲ್ಲ. ಮಿಸ್ತ್ರಿ ಏಣಿಯ ಮೇಲಿಂದ ಹೇಳಿಕೊಟ್ಟ, ದನಿ ಮತ್ತೆ ಗಟ್ಟಿಯಾಗಿತ್ತು. "ಯಜಮಾನ್ರ, ಅಲ್ಲಿ ಹಗ್ಗ ಐತಿ ತಗೋರಿ. ಶಟರ್ ಕೀಲಿ ಹಾಕೂ ಕಬ್ಬಣದ ಬಳಿ ನೆಲದಾಗ ಐತಿ ನೋಡ್ರಿ, ಅಕ್ಕಾರ ಕೆಳಗ. ಹಗ್ಗದ ಒಂದು ತುದಿ ಅದಕ್ಕ ಕಟ್ರಿ. ಇನ್ನೊಂದು ಕೈಯಾಗ ಇರಲಿ. ಅಕ್ಕಾರ ಹಿಡಿಕಿ ಕೆಳಗ ತಂದ ಕೂಡ್ಲೆ ಅದನ್ನ ಜಗ್ಗಿ ಕಟ್ಟಬೇಕು."

"ಅದು ಕೆಳಗ ಬರವಲ್ದು ತಮ್ಮಾ," ಅಂದೆ. "ನನ್ನ ತೋಳು ಮುಗದಾವ."

"ತೋಳು ಬ್ಯಾಡ್ರಿ. ಮೈ ಹಾಕ್ರಿ. ಕಾಲು ಎತ್ತಿಬಿಡ್ರಿ, ಜೋತುಬೀಳ್ರಿ."

ಜೋತುಬೀಳುವುದು. ಐವತ್ತೆರಡು ವರ್ಷದ ಹೆಂಗಸು, ಮೈಯಲ್ಲಿ ಸಾಕಷ್ಟು ಮಾಂಸ ಇರುವವಳು, ಮಾವಿನ ಟೊಂಗೆಗೆ ಜೋತ ಹುಡುಗಿಯಂತೆ, ಹಿರಿಯ ಭಾವನ ಎದುರಿಗೆ. ನಾನು ಕೂಡಲೇ ಮಾಡಲಿಲ್ಲ. ಮಾಡಿದೆ ಎಂದು ಹೇಳಿಕೊಳ್ಳುವುದು ಸುಲಭ, ಆದರೆ ಮಾಡಲಿಲ್ಲ. ಭಾವನವರು ಮೊಳಕಾಲೂರಿ ನೆಲದ ಬಳೆಗೆ ಹಗ್ಗ ಕಟ್ಟುತ್ತಿದ್ದರು. ಕಟ್ಟಿ ಮುಗಿಸಿ, ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೆ ಹತ್ತಿ, ಹಗ್ಗ ಹಿಡಿದು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಅಂದರು, "ಹೂಂ. ಜೋತುಬೀಳವಾ."

ಕಾಲು ಎತ್ತಿದೆ.

ಪೈಪು ಕಿರುಗುಟ್ಟಿತು. ಒಂದು ಕ್ಷಣ ನಾನು ಹಾಗೆಯೇ ತೂಗಾಡಿದೆ. ಆಮೇಲೆ ನಿಧಾನವಾಗಿ, ಬಾವಿಯ ಗಡಗಡೆಯಲ್ಲಿ ಕೊಡ ಇಳಿದಂತೆ, ಹಿಡಿಕೆ ಇಳಿಯತೊಡಗಿತು. ನನ್ನ ಮೊಳಕಾಲು ಮೇಜಿಗೆ ತಾಗಿದವು. ಭಾವನವರು ಹಗ್ಗ ಹಿಡಿಕೆಗೆ ಹಾಕಲು ಕೈ ಚಾಚಿದರು. ಹಿಡಿಕೆಯ ತುದಿಯ ತುಂಬ ನನ್ನ ಕೈಗಳು. ಅವರ ಕೈ ಅಲ್ಲಿಯೇ ನಿಂತಿತು. ತಮ್ಮನ ಹೆಂಡತಿಯ ಕೈ ಮುಟ್ಟುವುದು ಹೇಗೆ?

"ಭಾವಾರ, ನನ್ನ ಕೈ ಸೇರಿಸಿ ಕಟ್ರಿ. ಲಗೂ."

ಕಟ್ಟಿದರು. ಮಾಸ್ತರಿಕೆಗೆ ಹೋಗುವ ಮೊದಲು ಅವರು ಹಳ್ಳಿಯಲ್ಲಿ ಹುಲ್ಲಿನ ಬಂಡಿಗೆ ಹಗ್ಗ ಬಿಗಿದವರು. ಆ ಗಂಟು ಕೈಗೆ ಮರೆತಿರಲಿಲ್ಲ. ನನ್ನ ಎಡಗೈಯ ಕಿರುಬೆರಳೂ ಎರಡು ಬಳೆಯೂ ಗಂಟಿನೊಳಗೆ ಸೇರಿದವು. ಆ ತುದಿಯಲ್ಲಿ ಬಟ್ಟೆ ಸಡಿಲಾಯಿತು. ಮಿಸ್ತ್ರಿ ಕೈ ಎಳೆದುಕೊಂಡ. ನೋಡಲಿಲ್ಲ. ಎದೆಗೆ ಒತ್ತಿಕೊಂಡು ಏಣಿಯಿಂದ ಇಳಿದು ನೆಲಕ್ಕೆ ಕೂತ.

"ಗಂಟು ಗಟ್ಟಿ ಐತೇನು ನೋಡ್ರಿ ಮದಲ," ಅಂದ. "ಆಮ್ಯಾಲ ಅಕ್ಕಾರನ್ನ ಬಿಡಸ್ರಿ. ಪಾನಾ ಎದುರು ಯಾರೂ ನಿಂದ್ರಬ್ಯಾಡ್ರಿ."

ಕೂತಲ್ಲಿಂದಲೇ ಹೇಳಿ, ಭಾವನವರಿಂದ ಎರಡೂ ತುದಿಯ ನಟ್ಟು ಬಿಗಿಸಿದ. ಎಡಗೈ ಮೇಲೆತ್ತಿ, ಏಣಿ ಹತ್ತಿ, ಅವರು ಒಂದೊಂದೇ ಬಿಗಿದರು. ನನ್ನ ಎರಡು ಬಳೆ ಒಡೆದು ಕಿರುಬೆರಳು ಹೊರಗೆ ಬಂತು. ಮೂವರೂ ಒಂದೇ ಆಟೋದಲ್ಲಿ ದವಾಖಾನೆಗೆ ಹೋದೆವು. ಭಾವನವರು ಡ್ರೈವರನ ಮಗ್ಗುಲಲ್ಲಿ ಕೂತರು, ನಾನು ಹಿಂದೆ, ಅವನ ಕೈ ನನ್ನ ತೊಡೆಯ ಮೇಲೆ, ಅದೇ ನೂಲಿನ ಬಟ್ಟೆಯಲ್ಲಿ.

ತೋರುಬೆರಳಿನ ಎಲುಬು ಮುರಿದಿತ್ತು. ನಡುಬೆರಳಿನ ಉಗುರು ಹೋಗಿತ್ತು, ಚರ್ಮ ಸುಲಿದಿತ್ತು. ಬೆರಳು ಉಳಿಯುತ್ತವೆ ಎಂದರು ಡಾಕ್ಟರು. ಹಳೆಯಂತೆ ಮಡಚುತ್ತವೆಯೋ ಇಲ್ಲವೋ ಕಟ್ಟು ಬಿಚ್ಚಿದ ಮೇಲೆ ತಿಳಿಯುತ್ತದೆ ಎಂದರು. ದವಾಖಾನೆಯ ಖರ್ಚು, ಅವನು ಮನೆಯಲ್ಲಿ ಕೂತ ದಿನಗಳದು, ಎಲ್ಲ ನನ್ನದು. ಅದರಲ್ಲಿ ಚೌಕಾಸಿ ಇರಲಿಲ್ಲ, ಹೇಳಿಕೊಳ್ಳುವಂಥದ್ದೂ ಏನಿಲ್ಲ.

ಅಷ್ಟು ದಿನ ಆ ಶಟರ್ ನೆತ್ತಿಯ ಮೇಲೆ ಹಗ್ಗ ಆಸರೆಗಳಲ್ಲಿ ಹಾಗೆಯೇ ಇತ್ತು. ನಾನು ಅದರ ಕೆಳಗೆ ಕಾಲಿಡಲಿಲ್ಲ, ಯಾರನ್ನೂ ಬಿಡಲಿಲ್ಲ. ಸೀರೆಗಳು ಒಳಗೆ, ನಾನು ಹೊರಗೆ. ಗಿರಾಕಿಗಳಿಗೆ ಅಂಗಡಿ ಯಾಕೆ ತೆಗೆದಿಲ್ಲ ಎಂದು ಹೇಳಿ ಹೇಳಿ ಸಾಕಾಯಿತು. ಭಾವನವರು ಮತ್ತೆ ಬಾಗಿಲಲ್ಲಿ ನಿಂತು, "ಮನ್ಯಾಗ ಯಾರಾರ ಅದಾರೇನು" ಅನ್ನತೊಡಗಿದರು. ನಾನೂ ಬಳೆ ಸಪ್ಪಳ ಮಾಡತೊಡಗಿದೆ. ಅದೇನು ಒಂದು ಮಧ್ಯಾಹ್ನದಲ್ಲಿ ಹೋಗುವಂಥದ್ದಲ್ಲ. ಒಂದೇ ವ್ಯತ್ಯಾಸ, ಸಪ್ಪಳವಾದ ಮೇಲೆ ಅವರು ಗಾಳಿಗೆ ಇನ್ನೊಂದು ಮಾತು ಕೇಳುತ್ತಿದ್ದರು: "ಆ ಮನಿಷ್ಯಾನ ಕೈ ಹ್ಯಾಂಗೈತಂತ?"

ಒಂದೂವರೆ ತಿಂಗಳ ಮೇಲೆ ಕಟ್ಟು ಬಿಚ್ಚಿದರು. ಅದರ ಮರುವಾರ ಅವನು ತನ್ನ ಜೋಡಿಯವನನ್ನು ಕರೆದುಕೊಂಡು ಬಂದ, ಉಳಿದ ಕೆಲಸಕ್ಕೆ. ನಾನು ಕಟ್ಟೆಯ ಮೇಲೆ, ದೂರ ಕೂತು ನೋಡಿದೆ. ಎರಡು ತುದಿಗೆ ಎರಡು ಪಾನಾ. ಬರಿಗೈ, ಬಟ್ಟೆಯಿಲ್ಲ. ಒಬ್ಬ ಹಿಡಿದರೆ ಒಬ್ಬ ಬಿಡುವುದು, ಒಬ್ಬ ಬಿಟ್ಟರೆ ಒಬ್ಬ ಹಿಡಿಯುವುದು, ಒಂದು ಗಳಿಗೆಯೂ ಪೈಪು ಒಂಟಿ ಕೈಯಲ್ಲಿ ಇರಲಿಲ್ಲ. ಸುಣ್ಣದ ಗೆರೆ ನಾಲ್ಕು ಸಲ ತಿರುಗಿ ಬಂತು, ಆಮೇಲೆ ಪೈಪು ಸತ್ತ ಹಾವಿನಂತೆ ಮೆತ್ತಗಾಯಿತು. ಬಲ ಪೂರ್ತಿ ಹೋಯಿತೆಂದು ಅಲುಗಿಸಿ ನೋಡಿಯೇ ಕೊಂಡಿಯಿಂದ ಎತ್ತಿದರು. ಹಗ್ಗದಲ್ಲಿ ಸ್ವಲ್ಪ ಸ್ವಲ್ಪ ಇಳಿಸಿ ನೆಲಕ್ಕೆ ಮಲಗಿಸಿದರು. ಇಡೀ ಕೆಲಸ ಒಂದು ತಾಸೂ ಹಿಡಿಯಲಿಲ್ಲ. ಗ್ಯಾರೇಜಿನೊಳಗೆ, ಕಪಾಟಿನ ಕೊನೆಯ ಸಾಲಿನ ತನಕ, ಬೆಳಕು ಬಿತ್ತು. ಅದರ ಬಗ್ಗೆ ಖುಷಿಪಡುವಷ್ಟು ಮನಸ್ಸು ನನಗೆ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಇಡೀ ಹೊತ್ತು ನಾನು ಅವನ ಬಲಗೈಯನ್ನೇ ನೋಡುತ್ತಿದ್ದೆ. ಪಾನಾ ಎಡಗೈಯಲ್ಲಿ ಹಿಡಿದಿದ್ದ. ಬಲಗೈಯನ್ನು ಆಸರೆಗಷ್ಟೇ ತಂದಿದ್ದ.

ಬಿಚ್ಚಿದ ನಟ್ಟು ಬೋಲ್ಟುಗಳನ್ನು ಕಳೆದುಹೋಗದಂತೆ ಜೋಡಿಸಿ ಪೈಪಿಗೆ ಹಾಕಿ ಕಳಿಸಬೇಕು, ತೆಗೆದುಕೊಳ್ಳುವವರು ಹುಡುಕಬಾರದು. ಅವನ ಜೋಡಿಯವನು ಬೀಡಿ ಸೇದಲು ರಸ್ತೆಗೆ ಹೋಗಿದ್ದ. ಇವನು ನೆಲಕ್ಕೆ ಕೂತು ಒಂದು ನಟ್ಟನ್ನು ಬಲಗೈಯ ಆ ಎರಡು ಬೆರಳಿನಿಂದ ಎತ್ತಿದ. ಬಿತ್ತು. ನನ್ನ ಕಡೆ ನೋಡಲಿಲ್ಲ. ಮತ್ತೆ ಎತ್ತಿದ, ಬೋಲ್ಟಿನ ಬಾಯಿಯ ತನಕ ತಂದ, ಬಿತ್ತು.

"ನಾ ಹಾಕಲೇನು ತಮ್ಮಾ?" ಅಂದೆ.

"ಬ್ಯಾಡ್ರಿ ಅಕ್ಕಾರ. ನೀವು ಹಿಡದದ್ದು ಸಾಕು."

ಮೂರನೆಯ ಸಲ ನಟ್ಟು ನಿಂತಿತು. ಅವನು ತಿರುಗಿಸತೊಡಗಿದ, ತೋರುಬೆರಳು ಗಟ್ಟಿ ಕಡ್ಡಿಯಂತೆ ಚಾಚಿಕೊಂಡೇ ಇತ್ತು, ನಡುಬೆರಳು ಅದರ ಪಾಲಿನದ್ದನ್ನೂ ಮಾಡುತ್ತಿತ್ತು. ನಾಲ್ಕು ಸುತ್ತು ಹೋಯಿತು. ಐದನೆಯದಕ್ಕೆ ತೋರುಬೆರಳು ಸ್ವಲ್ಪವೇ ಸ್ವಲ್ಪ ಬಾಗಿ ಬಂದು ನಟ್ಟಿನ ಅಂಚು ಮುಟ್ಟಿತು. ಅವನು ನಿಲ್ಲಿಸಿ ಅದನ್ನು ನೋಡಿದ. ನಾನೂ ನೋಡಿದೆ. ಬಿಗಿ ಮಾಡಲು ಎಡಗೈ ಬೇಕಾಯಿತು. ಆಮೇಲೆ ಅವನು ಎರಡನೆಯ ನಟ್ಟಿಗೆ ಮತ್ತೆ ಬಲಗೈಯನ್ನೇ ಚಾಚಿದ.